ಇಪ್ಪತ್ತೇಳು ಕವಡಿ

ಕೈಬೆರಳು ಹತ್ತು, ಕಾಲ್ಬೆರಳು ಏಳು.
ಉಗುರಿಗೊಂದು ಕವಡಿ, ಹಂಗಾದರ ಹದಿನೇಳು ಕೊಡ್ತೀನಿ
ಅಂತ ಮೊದಲ ದಿನ ಅಂದಾಗ
ನಾ ನಕ್ಕಿದ್ದೆ. ಅವನೂ ನಕ್ಕಿದ್ದ.
ಬೀದರ ಕೋಟಿ, ಮಾಂಡೂ ದರವಾಜದ ಕಾವಲಿನವ,
ಸಮುದ್ರ ದಾಟಿ ಬಂದ ಪರದೇಶಿ. ಹೆಸರು ಉರುಜ್.
ನಮ್ಮ ಹಡಪದ ಓಣಿ ಬಾಯಾಗ ಉರಜಣ್ಣ.

ಉಳಿದ ಮೂರು ಎಲ್ಲಿ ಹೋದವು ಅಂತ ಕೇಳಲಿಕ್ಕ
ನನಗ ಎರಡು ವರ್ಷ ಹಿಡೀತು.
ಕತ್ತಿಗಲ್ಲ, ಅಂದ. ಥಂಡಿಗಿ.

ಥಂಡಿ ಬೆರಳು ತಿಂತದೇನು?
ನಮ್ಮ ಕಡಿ ಪುಷ್ಯದ ಥಂಡಿ
ಬಹಳಂದ್ರ ಹಿಮ್ಮಡ ಸೀಳ್ತದ, ತುಟಿ ಒಡೀತದ,
ಬೆಣ್ಣಿ ಹಚ್ಚಿದರ ಮುಗೀತು.

ಅವನಿಗಿ ನಮ್ಮ ಮಾತು ಅರ್ಧ, ನನಗ ಅವನದು ಪಾವು.
ಉಳಿದದ್ದು ಕೈ ಹೇಳ್ತಿತ್ತು.
ಮುಗಿಲು ಹಿಟ್ಟು ಜರಡಿ ಹಿಡದಂಗ, ಅಂದ,
ಸಪ್ಪಳಿಲ್ಲ, ಮೂರು ದಿನ, ಕುದುರಿ ಹೊಟ್ಟಿತನಕ.
ನಾ ಜೋಳದ ಹಿಟ್ಟು ನೆನಸಿದೆ.
ಅಷ್ಟು ಹಿಟ್ಟು ಬಿದ್ದ ನಾಡಾಗ
ಮಂದಿ ಹಸದು ಸತ್ತರು ಅಂದರ ನಂಬಲಿಲ್ಲ.

ಗುಡ್ಡದ ನಡುವ ಒಂದು ಕಣಿವಿ. ಅದರ ಹೆಸರು ಹತ್ತು ಸಲ ಹೇಳಿದ,
ನನ್ನ ನಾಲಿಗಿ ಹೊಳ್ಳಲಿಲ್ಲ.
ಕೆಳಗಿಂದ ಬರೋ ದಂಡಿನವರು
ಎದಿ ಮ್ಯಾಲ ಒಂದು ಅಡ್ಡಗೆರಿ, ಒಂದು ಉದ್ದಗೆರಿ ಹೊಲಕೊಂಡಿದ್ದರಂತ.
ನನ್ನ ಬಟ್ಟಲ ನೀರಾಗ ಬೆರಳದ್ದಿ
ಮೆಟ್ಟಲ ಮ್ಯಾಲ ಆ ಗುರುತು ಬರದ.
ನಮ್ಮ ಮುರಕಲ್ಲು ಕುಡದುಬಿಡ್ತು.
ಹೊಳ್ಳಿ ಬರದ. ಹೊಳ್ಳಿ ಕುಡೀತು.
ದೇವರ ಹೆಸರಿಲೆ ಬಂದಿದ್ದರು, ಅಂದ.
ನೀವು? ಅಂದೆ.
ನಾವೂ.

ಮರ ಕಡದು ಹಾದಿಗಿ ಅಡ್ಡ ಕೆಡವಿದಿವಿ.
ಕತ್ತಲಾದ ಮ್ಯಾಲ ಸರದಾರ ಅಂದ: ನೀರು ಹೊರ್ರಿ.
ನೀರು?
ನೀರು. ಹಳ್ಳ ಮೊಸರಿನಂಗ ಹೆಪ್ಪುಗಟ್ಟಿತ್ತು,
ಕೊಡಲಿಲೆ ಒಡದು, ತೊಗಲಚೀಲ ತುಂಬಿ
ರಾತ್ರಿ ಇಡೀ ಇಳಿಜಾರಿಗಿ ಸುರವಿದಿವಿ.
ಸುರವಿದಲ್ಲೇ ಕನ್ನಡಿ ಆಗ್ತಿತ್ತು.
ಚೀಲ ಸೋರಿ ನನ್ನ ಕಾಲಿಗೂ.

ನಾ ಉಗುರಗತ್ತಿ ಕೆಳಗಿಟ್ಟೆ.
ಭೂಮಿ ಹೊಟ್ಟಿ ಕೊರದು ಸುರಂಗದಾಗ
ಹನಿ ಹನಿ ನೀರು ತರೋ ಊರು ನಮ್ದು.
ಬಿಂದಿಗಿ ತುಳಕಿದರ ಅತ್ತಿ ಸೊಸಿಗಿ ಬೈತಾಳ.
ಎಳ್ಳಮಾಸಿಗಿ ಹೊಲದಾಗ ಚರಗ ಚೆಲ್ಲತೀವಿ ಖರೆ,
ಅದು ಭೂಮ್ತಾಯಿ ಉಣ್ಣಲಿ ಅಂತ.
ನೀವು ಯಾರು ಉಣ್ಣಲಿ ಅಂತ ಚೆಲ್ಲಿದಿರಿ?

ಉತ್ತರ ಕೊಡಲಿಲ್ಲ. ಎಡಗಾಲು ಮುಂದ ಚಾಚಿದ.

ಮುಂಜಾನಿ ಅವರು ಏರಿದರು. ಜಾರಿದರು. ಏರಿದರು.
ಕಬ್ಬಿಣ ತೊಟ್ಟವ ಒಬ್ಬ ಬಿದ್ದರ
ಬೆನ್ನಿಗಿದ್ದ ಹತ್ತು ಮಂದಿನ್ನ ಎಳಕೊಂಡೇ ಹೋಗ್ತಿದ್ದ.
ಬಾಣ ಆಮ್ಯಾಲ. ಮೊದಲು ನಕ್ಕಿವಿ, ಅಂದ,
ದೊಡ್ಡ ಮನುಷ್ಯಾರು ಜಾರೋದು ನೋಡಿದರ ನಗಿ ಬರ್ತದ.
ಒಬ್ಬ ಹುಡುಗ ಮಾತ್ರ ಮ್ಯಾಲಿನತನಕ ಬಂದಿದ್ದ,
ಬರಿಗೈಲೆ, ಆ ಕನ್ನಡಿ ಕೆರಕೊಂತ.
ಹತ್ತೂ ಉಗುರು ಕಿತ್ತಿದ್ದವು.
ನನ್ನ ಕಡಿ ನೋಡಿದ.

ಮುಂದಿಂದು ಹೇಳಲಿಲ್ಲ. ನಾನೂ ಕೆದಕಲಿಲ್ಲ.

ಈ ಸಲ ಎಳ್ಳಮಾಸಿ ದಿನ
ನೀಲವ್ವ ಕಟ್ಟಿಕೊಟ್ಟ ಸಜ್ಜಿರೊಟ್ಟಿ, ಭಜ್ಜಿ ಒಯ್ದಿದ್ದೆ.
ಕೂಡ್ರೋ ಗಡಿಬಿಡ್ಯಾಗ ಬಟ್ಟಲಕ್ಕ ಕಾಲು ತಾಕಿ
ನೀರು ಮೆಟ್ಟಲ ತುಂಬ ಹರೀತು.
ಮುದುಕ ಎದ್ದುಬಿಟ್ಟ!
ತನ್ನ ಭಾಷಿಯೊಳಗ ಒದರಕೊಂತ
ಅಗ್ಗಿಷ್ಟಿಕಿ ಬೂದಿ ಎರಡೂ ಕೈಲೆ ಬಾಚಿ ಬಾಚಿ ಚೆಲ್ಲಿದ.
ಸುಡು ಬೂದಿ. ಕೆಳಗ ಹುಲ್ಲಿನ ಹೊರಿ ಹೊತ್ತು ಬರೋ ಹೆಂಗಸರಿಗಿ
ನಿಲ್ರಿ, ನಿಲ್ರಿ, ಅಂತ ಕೈ ಅಡ್ಡ ಮಾಡಿದ.
ಅವರು ನಿಂತರು, ಹುಚ್ಚನ್ನ ನೋಡಿದಂಗ ನೋಡಿದರು.

ಮುರಕಲ್ಲು ತನ್ನ ಪಾಡಿಗಿ ಕುಡೀತಿತ್ತು.
ಬಗ್ಗಿ ಅಂಗೈ ಒತ್ತಿದ.
ಒಣಗ್ಯದ, ಅಂದ. ಹೋಗ್ರಿ.

ಉಗುರು ತೆಗಿಸಿಕೊಂಡ. ರೊಟ್ಟಿ ತಿಂದ. ರೊಕ್ಕ ಕೊಟ್ಟ.
ಮನಿಗಿ ಬಂದು ಚೀಲ ಬಿಚ್ಚಿದರ
ಇಪ್ಪತ್ತೇಳು ಕವಡಿ.
ತಪ್ಪಿ ಕೊಟ್ಟಾನ, ಹತ್ತು ಹೊಳ್ಳಿ ಕೊಡಬೇಕು ಅಂತ
ದರವಾಜದತನಕ ಹೋದೆ.
ಅಲ್ಲಿ ನಿಂತು ನೆನಪಾಗಿ
ಸುಮ್ಮನ ಬಂದೆ.